ಹೊತ್ತು ಮುಳುಗುವ ಮೊದಲು ಮಾಡಿದ ಸಹಿ

ನನ್ನ ಕೆಲಸ ತಪ್ಪು ಹುಡುಕುವುದು. ಬೆಳಗಾವಿಯ ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ ಆರು ವರ್ಷದಿಂದ ಕ್ವಾಲಿಟಿ ಇನ್ಸ್‌ಪೆಕ್ಟರ್. ಎರಕದ ತುಂಡುಗಳು ಬರುತ್ತವೆ, ಅಳೆಯುತ್ತೇನೆ, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಪಕ್ಕಕ್ಕೆ ಎಸೆಯುತ್ತೇನೆ. ಅಂಥವಳು ಹನ್ನೊಂದು ಲಕ್ಷ ಕೊಟ್ಟು, ನೀರಲ್ಲಿ ಮುಳುಗಿ ಎದ್ದ ಕಾರು ತಂದೆ. ನಗುವವರು ಈಗಲೇ ನಕ್ಕು ಮುಗಿಸಲಿ.

ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ಎಂಟು ವರ್ಷ ಹಳೆಯದು. ನೆಲಕ್ಕೆ ಅಂಟಿಕೊಂಡಂತೆ ಕೂತಿತ್ತು. ಡಿಪ್ಲೊಮಾ ಓದುವಾಗಿನಿಂದ ಅಂಥದ್ದೊಂದು ನನಗೆ ಬೇಕಿತ್ತು. ಯಾಕೆ ಬೇಕು ಎಂದು ನಮ್ಮೂರು ಪಾರಿಶ್ವಾಡದಲ್ಲಿ ಎಲ್ಲರೂ ಕೇಳಿದರು. ನನ್ನಣ್ಣ ಟ್ರ್ಯಾಕ್ಟರ್ ಕೊಂಡಾಗ ಯಾರೂ ಕೇಳಿರಲಿಲ್ಲ.

ಖಾನಾಪುರದಲ್ಲಿರುವ ಕಾಂತಾ ಅತ್ತೆ ಫೋನಿನಲ್ಲೇ ಶುರು ಮಾಡಿದರು. "ಪ್ರಾಚಿ, ಮನ್ಯಾಗ ಐದು ಮಂದಿ ಅದೀರಿ. ಉಳಿದ ಮೂರು ಮಂದಿ ಡಿಕ್ಕಿನ್ಯಾಗ ಕುಂದರಬೇಕೇನ?"

"ನಾನೊಬ್ಬಾಕಿ ಹೋಗಾಕ ತಗೊಳ್ಳಾಕತ್ತೀನಿ ಅತ್ತಿ."

"ನಿನ್ನ ನೋಡಾಕ ಬರೋ ಮಂದಿ ಆ ಗಾಡಿ ನೋಡಿ ಹಂಗ ಹೊಳ್ಳಿ ಹೋಗತಾರ."

"ಹೋಗ್ಲಿ ಬಿಡ್ರಿ. ಚಾ ಉಳೀತೈತಿ."

ಕಾರು ಇದ್ದದ್ದು ಬೆಳಗಾವಿಯ ಖಾಸಬಾಗದಲ್ಲಿ, ಮಾರ್ತಾಂಡ ಎಂಬ ಡೀಲರನ ಶೋರೂಮಿನಲ್ಲಿ. ಐವತ್ತರ ಆಸುಪಾಸು, ಬಿಳಿ ಅಂಗಿ, ಯಾರು ಬಂದರೂ ಎದ್ದು ನಿಂತು ಮಾತಾಡುವ ಮನುಷ್ಯ. ಮೊದಲ ಸಲ ಹೋದಾಗ ಎರಡು ಸುತ್ತು ಓಡಿಸಿ ನೋಡಿದೆ. ಕಾರನ್ನು ಲಿಫ್ಟಿಗೆ ಏರಿಸಿ ಕೆಳಗಿನಿಂದ ನೋಡಬೇಕು ಎಂದೆ. "ಲಿಫ್ಟ್ ಇವತ್ತ ಕೆಟ್ಟೈತ್ರಿ, ಡೆಲಿವರಿ ದಿನ ಏರಿಸೂಣು" ಎಂದ. ಆಮೇಲೆ ನನ್ನಪ್ಪ ಜಿನಪಾಲರ ಕಡೆ ತಿರುಗಿ ಕೈ ಮುಗಿದು ಕೇಳಿದ: "ಅಣ್ಣಾರು ಹೊತ್ತು ಮುಳುಗೂದ್ರಾಗ ಊಟ ಮಾಡೋರೇನ್ರಿ?"

ಹೌದು ಎಂದರು ಅಪ್ಪ. ನಾವು ಜೈನರು; ಮೂವತ್ತು ವರ್ಷದಿಂದ ಸೂರ್ಯಾಸ್ತದ ನಂತರ ಅವರು ಊಟ ಮಾಡಿಲ್ಲ, ನೀರು ಕುಡಿದಿಲ್ಲ. ಹೊರಗಿನವನೊಬ್ಬ ಅದನ್ನು ಕೇಳಿ ತಿಳಿದುಕೊಂಡಿದ್ದು ಅಪ್ಪನಿಗೆ ಬಹಳ ಹಿಡಿಸಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಎರಡು ಸಲ ಹೇಳಿದರು: "ಸಂಸ್ಕಾರ ಇರೋ ಮನಿಶ್ಯಾ ಅದಾನ."

ಡೆಲಿವರಿ ಡಿಸೆಂಬರಿನ ಒಂದು ಶನಿವಾರ, ಮಧ್ಯಾಹ್ನ ಮೂರಕ್ಕೆ ಎಂದಿದ್ದ. ಮೂರಕ್ಕೆ ಹೋದರೆ ಕಾರು ತೊಳೆಯುತ್ತಿದ್ದರು. ನಾಲ್ಕಕ್ಕೆ ಪ್ರಿಂಟರ್ ನಿಂತಿತು. ನಾಲ್ಕೂವರೆಗೆ ಸ್ಟ್ಯಾಂಪ್ ಪೇಪರ್ ತರಲು ಒಬ್ಬನನ್ನು ಕಳಿಸಿದರು. ಅಪ್ಪ ಗಡಿಯಾರ ನೋಡತೊಡಗಿದರು. ಊರ ದಾರಿಯಲ್ಲೇ ಇರುವ ಖಾನಾಪುರದಲ್ಲಿ ಕಾಂತಾ ಅತ್ತೆ ಐದೂವರೆಗೆ ತಾಟು ಹಾಕಿ ಕಾಯುತ್ತೇನೆ ಎಂದಿದ್ದರು. ಐದಕ್ಕೆ ಐದು ನಿಮಿಷವಿದ್ದಾಗ ಮಾರ್ತಾಂಡ ಕಾಗದ ತಂದಿಟ್ಟ.

"ಲಿಫ್ಟ್?" ಎಂದೆ.

"ಏರಿಸೂಣ್ರಿ, ಅದಕ್ಕೇನು. ಅರ್ಧಾ ತಾಸು ಆಗತೈತಿ, ಅಷ್ಟ." ಅಪ್ಪನನ್ನು ನೋಡಿದ. "ಆದ್ರ ಅಣ್ಣಾರು ಉಪಾಸ ಬೀಳತಾರ, ಪಾಪ."

ಅಪ್ಪ ಕಿಟಕಿಯಾಚೆ ಇಳಿಯುತ್ತಿದ್ದ ಬಿಸಿಲು ನೋಡಿದರು. ಆರು ಪುಟ ಇದ್ದವು. ಓದಲಿಲ್ಲ. ಆರು ಕಡೆ ಸಹಿ ಮಾಡಿ ಕೀಲಿ ತೆಗೆದುಕೊಂಡೆ.

ಖಾನಾಪುರ ಇನ್ನೂ ಐದಾರು ಕಿಲೋಮೀಟರ್ ಇರುವಾಗ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆಲೇ ಹೊತ್ತಿಕೊಂಡವು, ಒಮ್ಮೆಲೇ ಆರಿದವು. ಕಾರು ರಸ್ತೆ ಬದಿಗೆ ಉರುಳಿ ನಿಂತಿತು. ಕೀಲಿ ತಿರುಗಿಸಿದರೆ ಸದ್ದೂ ಇಲ್ಲ. ಟೆಂಪೊ ಸಿಕ್ಕು, ಎಳೆದುಕೊಂಡು ಖಾನಾಪುರ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಕಾಂತಾ ಅತ್ತೆಯ ಮನೆಯಲ್ಲಿ ತಾಟು ಮುಚ್ಚಿಟ್ಟಿದ್ದರು. ಅಪ್ಪ ಕೈಕಾಲು ತೊಳೆದು, ಊಟ ಮಾಡದೆ ಮಲಗಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ಖಾನಾಪುರದ ಮೆಕ್ಯಾನಿಕ್ ಗುರುಪುತ್ರಪ್ಪನ ಗ್ಯಾರೇಜಿಗೆ ಕಾರು ಹೋಯಿತು. ಆತ ಬಾನೆಟ್ ಎತ್ತಲೇ ಇಲ್ಲ. ಒಳಗೆ ಕೂತು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದ. ದಿನಾ ಯಾರೂ ಅಷ್ಟು ಎಳೆಯುವುದಿಲ್ಲ. ಕೊನೆಯ ಒಂದು ಗೇಣು ಪಟ್ಟಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಾರ್ಪೆಟ್ ಕಿತ್ತು ಬೆರಳಾಡಿಸಿ ತೋರಿಸಿದ. ನುಣ್ಣನೆಯ ಹೊಳೆ ಕೆಸರು.

"ತಂಗೀ, ಇದು ಓಡಿ ಬಂದಿದ್ದಲ್ಲ, ಈಸಿ ಬಂದಿದ್ದು ಐತಿ."

"ಖರೇನ?"

"ಕೆಳಗಿನ ವೈರಿಂಗ್ ಎಲ್ಲಾ ಕಿಲುಬು ಹಿಡದು ಹಸರ ಆಗೈತಿ. ಇವತ್ತ ದೀಪ ಹೋದುವು, ನಾಳೆ ಬ್ರೇಕ್ ಹೋಗತಾವ. ಇದನ್ನ ಓಡಸಬ್ಯಾಡ. ನಾ ರೊಕ್ಕದ ಆಸೀಗೆ ರಿಪೇರಿ ಮಾಡಾಂವಲ್ಲ."

ಕಾರಿನ ಹಳೆಯ ನೋಂದಣಿ ನಂಬರು ಹಿಡಿದು ವಿಮೆಯ ದಾಖಲೆ ತೆಗೆಸಿದೆ. ರಾಜ್ಯದ ಗಡಿಯಾಚೆಯ ಒಂದು ಊರಿನಲ್ಲಿ, ಮೂರು ವರ್ಷದ ಹಿಂದಿನ ಮಹಾಪೂರದಲ್ಲಿ, ಪೂರ್ತಿ ನಷ್ಟ ಎಂದು ಬರೆದು ಮುಗಿಸಿದ್ದ ಕಾರು ಅದು.

ದಾಖಲೆ ಹಿಡಿದು ಶೋರೂಮಿಗೆ ಹೋದೆ. ಮಾರ್ತಾಂಡ ಈ ಸಲ ಏಳಲಿಲ್ಲ.

"ಸಹಿ ಯಾರದ್ರಿ ಇದು? ಇದ್ದ ಸ್ಥಿತಿಯಲ್ಲಿ ಒಪ್ಪಿ ಪಡೆದಿದ್ದೇನೆ ಅಂತ ನಾಕನೇ ಪುಟದಾಗ ಐತಿ, ಓದ್ರಿ."

"ಮುಳುಗಿದ್ದು ಅಂತ ಯಾವ ಪುಟದಾಗ ಐತಿ?"

"ನೋಡ್ರಿ ಬಾಯಾರ, ಸ್ಪೋರ್ಟ್ಸ್ ಗಾಡಿ ಅಂದ್ರ ಸ್ಕೂಟಿ ಅಲ್ಲ. ಹೆಣ್ಮಕ್ಕಳ ಕೈಯಾಗ ಕೊಟ್ರ ಹಿಂಗ ಆಗೂದು." ನಕ್ಕ. "ನೀವು ಇನ್ಸ್‌ಪೆಕ್ಟರ್ ಅಂತಲ್ರಿ? ಊರಾಗ ಹೇಳಕೋತ ಹೋದ್ರ ಮಾನ ಯಾರದು ಹೋಗತೈತಿ, ವಿಚಾರ ಮಾಡ್ರಿ."

ಅವನ ಧಂದೆ ನಿಂತದ್ದೇ ಅದರ ಮೇಲೆ. ಕಾರು ಕೊಂಡು ಪೇಢೆ ಹಂಚಿದವನು ಮೋಸ ಹೋದೆ ಎಂದು ಬಾಯಿ ಬಿಡುವುದಿಲ್ಲ. ನನಗೆ ಆ ನಾಚಿಕೆ ಎರಡು ದಿನ ಇತ್ತು. ಮೂರನೆಯ ದಿನ ಗ್ರಾಹಕರ ಆಯೋಗದಲ್ಲಿ ದೂರು ಕೊಟ್ಟೆ. ವಿಚಾರಣೆಯ ತಾರೀಖು ಏಪ್ರಿಲ್‌ಗೆ ಬಿತ್ತು. ಏಪ್ರಿಲ್‌ವರೆಗೆ ಸುಮ್ಮನೆ ಕೂರುವುದು ನನ್ನಿಂದಾಗದು.

ಶೋರೂಮಿನ ಎದುರು ನೀಲಾ ಎಂಬಾಕೆಯ ಚಹಾದಂಗಡಿ ಇದೆ. ಅಲ್ಲಿ ಒಂದು ಟೇಬಲ್ ಹಾಕಬಹುದೇ ಎಂದು ಕೇಳಿ ಕಾರಣ ಹೇಳಿದೆ.

"ಹಾಕ್ಕೋಳವಾ. ಜಾಗಾ ನಂದು, ಅವರಪ್ಪಂದಲ್ಲ" ಎಂದಳು. "ಆಂವ ಹಿಂಗ ಮಾಡೂದು ದಿನಾ ನೋಡತೀನಿ. ಹಳ್ಳಿಯಿಂದ ಬಂದೋರಿಗೆ ಕಡೇ ಬಸ್ಸಿನ ತನಕ ಕಾಯಿಸತಾನ. ನಮಾಜ್ ಮಾಡೋರನ್ನ ಶುಕ್ರವಾರ ಹನ್ನೆರಡಕ್ಕ ಕರೀತಾನ. ನಿಮಗ ಹೊತ್ತು ಮುಳುಗೂದು. ಒಬ್ಬೊಬ್ಬರಿಗೆ ಒಂದೊಂದು ಗಡಿಯಾರ ಇಟ್ಟಾನ."

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಟೇಬಲ್ ಹಾಕಿದೆ. ಟಾರ್ಚು, ಅಯಸ್ಕಾಂತ, ಬಣ್ಣದ ದಪ್ಪ ಅಳೆಯುವ ಮೀಟರು. ಒಂದು ಬೋರ್ಡು: 'ಹಳೆ ಕಾರು ತಪಾಸಣೆ. ಪುಕ್ಕಟೆ. ನಾನು ಮುಳುಗಿದ ಕಾರು ಕೊಂಡು ಮೋಸ ಹೋದವಳು.' ಕೊನೆಯ ಸಾಲನ್ನು ಎರಡು ಸಲ ಅಳಿಸಿ ಮತ್ತೆ ಬರೆದೆ. ಬರೆದ ಮೇಲೆ ಏನೂ ಆಗಲಿಲ್ಲ.

ಮೊದಲ ಭಾನುವಾರ ಬಂದವರೆಲ್ಲ ನೋಡಿ ನಕ್ಕು ಹೋದರು. ಎರಡನೆಯದಕ್ಕೆ ಮೂರು ಕಾರು ಬಂದವು. ಒಂದರ ಬಾಗಿಲಿಗೆ ಅಯಸ್ಕಾಂತ ಅಂಟಲೇ ಇಲ್ಲ, ತಗ್ಗು ಮುಚ್ಚಲು ಮೆತ್ತಿದ ಪುಟ್ಟಿಯೇ ಪೂರ್ತಿ. ಮಾರ್ತಾಂಡ ಪೊಲೀಸರಿಗೆ ಹೇಳಿರಬೇಕು. ಒಬ್ಬ ಕಾನ್‌ಸ್ಟೇಬಲ್ ಬಂದು, ಬೋರ್ಡು ಓದಿ, ಚಹಾ ಕುಡಿದು, ತಮ್ಮನಿಗೆ ಕೊಡಿಸಲಿದ್ದ ಕಾರಿನ ಫೋಟೊ ತೋರಿಸಿ ಸಲಹೆ ಕೇಳಿ ಹೋದ. ನಾಲ್ಕನೆಯ ಭಾನುವಾರ ಶೋರೂಮಿನಿಂದ ಹೊರಬಂದ ಗಂಡಹೆಂಡತಿ ರಸ್ತೆ ದಾಟಿ ಬಂದು, ನನ್ನ ಜೊತೆ ಐದು ನಿಮಿಷ ಮಾತಾಡಿ, ಮತ್ತೆ ಒಳಹೋಗಿ ಮುಂಗಡ ವಾಪಸ್ಸು ಕೇಳಿದರು. ಕೂಗಾಟ ನನ್ನ ಟೇಬಲ್ಲಿನವರೆಗೂ ಕೇಳಿಸಿತು.

ಐದನೆಯ ಭಾನುವಾರ ಮಾರ್ತಾಂಡ ತಾನೇ ರಸ್ತೆ ದಾಟಿ ಬಂದ. ಜೊತೆಗೆ ಅಪ್ಪ ಇದ್ದರು. ಬೆಳಿಗ್ಗೆ ಪಾರಿಶ್ವಾಡಕ್ಕೆ ಹೋಗಿ ಅವರನ್ನು ಕರೆದುಕೊಂಡು ಬಂದಿದ್ದ.

"ಅಣ್ಣಾರ ಮಾರಿ ನೋಡಿ ಪೂರಾ ರೊಕ್ಕ ಕೊಡಾಕತ್ತೀನಿ." ಟೇಬಲ್ಲಿನ ಮೇಲೆ ಡಿಮಾಂಡ್ ಡ್ರಾಫ್ಟ್ ಇಟ್ಟ. ಹನ್ನೊಂದು ಲಕ್ಷ. ಅದರ ಪಕ್ಕ ಒಂದು ಕಾಗದ, ಪೆನ್ನು. "ಇಲ್ಲೊಂದು ಸಹಿ ಮಾಡ್ರಿ, ಗಾಡಿ ಕಳಸ್ರಿ. ಮುಗೀತು."

ಈ ಸಲ ಓದಿದೆ. 'ಕಾರಿನಲ್ಲಿ ಯಾವುದೇ ದೋಷವಿಲ್ಲ. ವೈಯಕ್ತಿಕ ಕಾರಣದಿಂದ ಹಿಂದಿರುಗಿಸುತ್ತಿದ್ದೇನೆ. ದೂರು ವಾಪಸ್ಸು ಪಡೆಯುತ್ತೇನೆ.'

"ಗಾಡಿ ತಗೊಂಡು ಏನ ಮಾಡತೀರಿ?"

"ಅದು ನಿಮಗ್ಯಾಕ ಬೇಕ್ರಿ?"

"ದೋಷ ಇಲ್ಲ ಅಂತ ನಾ ಬರಕೊಟ್ಟ ಚೀಟಿ ತೋರಿಸಿ ಇನ್ನೊಬ್ಬರಿಗೆ ಮಾರತೀರಿ. ಇನ್ಸ್‌ಪೆಕ್ಟರ್ ಓಡಿಸಿದ ಗಾಡಿ ಅಂತ ಹತ್ತು ಸಾವಿರ ಜಾಸ್ತಿನೂ ಹೇಳತೀರಿ."

ನೀಲಾ ಒಳಗಿನಿಂದ ಜೋರಾಗಿ ನಕ್ಕಳು. ಮಾರ್ತಾಂಡನ ಕಿವಿ ಕೆಂಪಾದವು.

"ಪ್ರಾಚಿ" ಎಂದರು ಅಪ್ಪ. "ಸಹಿ ಮಾಡು. ಆರು ವರ್ಷದ ದುಡಿಮಿ ಐತಿ ನಿಂದು. ಮುಂದ ಯಾರಿಗೆ ಮಾರತಾನ, ಅದರ ಪಾಪ ಅವಂದು."

ನನಗೂ ಆ ಹಣ ಬೇಕಿತ್ತು. ಬೇಡ ಎನ್ನುವಷ್ಟು ದೊಡ್ಡವಳು ನಾನಲ್ಲ. ಹದಿನೈದು ನಿಮಿಷದಲ್ಲಿ ಎಲ್ಲ ಮುಗಿದು, ಭಾನುವಾರಗಳು ಮತ್ತೆ ನನ್ನವಾಗುತ್ತಿದ್ದವು. ಆದರೆ ಬ್ರೇಕ್ ಹೋಗುವ ಕಾರಿಗೆ ಪಾಸ್ ಎಂದು ಬರೆಯಬೇಕಿತ್ತು. ಶಾಪಿನಲ್ಲಿ ಯಾರಾದರೂ ಹಾಗೆ ಬರೆದರೆ ಅವರನ್ನು ಅದೇ ದಿನ ಹೊರಗೆ ಹಾಕುತ್ತೇವೆ.

ಪೆನ್ನು ತೆಗೆದುಕೊಂಡು ಆ ಮೂರು ಸಾಲಿಗೂ ಗೀಟು ಎಳೆದೆ. ಕೆಳಗೆ ಬರೆದೆ: 'ಈ ಕಾರು ಮಹಾಪೂರದಲ್ಲಿ ಮುಳುಗಿತ್ತು. ರಸ್ತೆಗೆ ಯೋಗ್ಯವಲ್ಲ. ಇದನ್ನು ಮುಚ್ಚಿಟ್ಟು ಮಾರಲಾಗಿತ್ತು.' ಸಹಿ ಮಾಡಿ ಅವನ ಕಡೆ ಸರಿಸಿದೆ.

"ಈಗ ನೀವು ಸಹಿ ಮಾಡ್ರಿ. ಗ್ಯಾರೇಜಿನಿಂದ ಗಾಡಿ ಇವತ್ತ ಕಳಸತೀನಿ."

"ಹುಚ್ಚ ಹಿಡದೈತೇನ ನಿನಗ?" ಬಹುವಚನ ಹೋಗಿತ್ತು. "ಎಷ್ಟು ಐತವಾರ ಕುಂದರತೀ ಇಲ್ಲಿ?"

"ನನಗ ಈಗ ಇಪ್ಪತ್ತೇಳು, ಮಾರ್ತಾಂಡಣ್ಣ. ಭಾಳ ಐತವಾರ ಅದಾವ."

ಅವನು ಡ್ರಾಫ್ಟ್ ಮಡಚಿ ಕಿಸೆಗೆ ಹಾಕಿಕೊಂಡು ರಸ್ತೆ ದಾಟಿ ಹೋದ. ಕಾಗದ ಬಿಟ್ಟು ಹೋಗಿದ್ದ. ಅದನ್ನು ಫೈಲಿಗೆ ಸೇರಿಸಿದೆ. ಆಯೋಗಕ್ಕೆ ಬೇಕಾಗುತ್ತದೆ.

"ನಿನ್ನ ಹಟ ನಿನಗ ಉಣ್ಣಾಕ ಹಾಕತೈತೇನ?" ಎಂದರು ಅಪ್ಪ. ಉತ್ತರಕ್ಕೆ ಕಾಯದೆ ಬಸ್ ಸ್ಟ್ಯಾಂಡಿನ ಕಡೆ ನಡೆದರು. ನಾನು ಕರೆಯಲಿಲ್ಲ. ಕರೆದಿದ್ದರೂ ಅವರು ತಿರುಗುತ್ತಿರಲಿಲ್ಲ.

ಟೇಬಲ್ಲಿನ ಮುಂದೆ ಬಿಳಿ ಕಾರೊಂದು ಬಂದು ನಿಂತಿತು. ಗಾಜು ಇಳಿಸಿದವನು ಸಾಂಬ್ರಾದಿಂದ ಬಂದೆ ಎಂದ. ಎದುರಿನ ಶೋರೂಮಿನದೇ, ಟ್ರಯಲ್ಲಿಗೆ ಕೊಟ್ಟಿದ್ದಾರೆ, ಅರ್ಧ ಗಂಟೆಯಲ್ಲಿ ವಾಪಸ್ಸು ತರಬೇಕಂತೆ, ಅವಸರ ಇದೆ ಎಂದ.

"ಅವಸರ ಅವರಿಗೆ ಐತ್ರಿ, ನಿಮಗಲ್ಲ" ಎಂದೆ. "ಇಂಜಿನ್ ಬಂದ್ ಮಾಡಿ ಕೆಳಗ ಇಳೀರಿ."