ದೋಣಿಗಳನ್ನು ಕೂಗುವ ಪರದೆ

ಚಂಡಮಾರುತ ಸಂಜೆಯೊಳಗೆ ಸುಆವ್ ದಡಕ್ಕೆ ಅಪ್ಪಳಿಸುತ್ತದೆಂಬ ಸುದ್ದಿ ಬಂದಾಗ ಯೂಲಾನ್ ಬಂದರಿನ ಕಚೇರಿಯಲ್ಲಿ ಊಟಕ್ಕೆ ಕೂತಿದ್ದಳು. ತಟ್ಟೆಯ ಮೀನಿನ ಮೇಲ್ಭಾಗ ಮುಗಿದಿತ್ತು. ಅದನ್ನು ಮಗುಚಲಿಲ್ಲ. ಮೀನು ಮಗುಚಿದರೆ ದೋಣಿ ಮಗುಚುತ್ತದೆ, ಮೀನುಗಾರನ ಮಗಳಿಗೆ ಅಷ್ಟೂ ಗೊತ್ತಿರುವುದಿಲ್ಲವೇ? ಅವಳಪ್ಪ ಇನ್ನೂ ಕಡಲಲ್ಲೇ ಇದ್ದ.

ತಟ್ಟೆ ಸರಿಸಿ ಕಂಪ್ಯೂಟರಿನಲ್ಲಿ ಕಡಲಿನ ದೋಣಿಗಳ ಜೊತೆ ಮಾತಾಡುವ ಕನ್ಸೋಲ್ ತೆರೆದಳು. ಹಳೆಯ ಕನ್ಸೋಲ್ ಮಹಾ ಮೊಂಡು. ಒಂದು ದೋಣಿಯನ್ನು ಎಲ್ಲಿದ್ದೀಯ ಎಂದು ಕೇಳಿದರೆ, ಅದು ಉತ್ತರಿಸುವ ತನಕ ಬೇರೆ ಮಾತಿಗೆ ಕಿವಿಗೊಡುತ್ತಿರಲಿಲ್ಲ. ಹೊಸದು ಹಾಗಲ್ಲ. 'ಕಾಯು' ಎಂಬ ಪದ ಮುಂದಿಟ್ಟು ಒಂದು ಸಾಲು ಬರೆದರೆ ಪ್ರಶ್ನೆ ಎಲ್ಲ ದೋಣಿಗಳಿಗೂ ಒಟ್ಟಿಗೆ ಹೋಗುತ್ತದೆ. ಯಾರು ಮೊದಲು ಓಗೊಟ್ಟರೋ ಅವರ ಉತ್ತರ ಮೊದಲು.

ಬರೆದಳು. ಕಪ್ಪು ಪರದೆಯ ಮೇಲೆ ದೋಣಿಗಳು ಮಾತಾಡತೊಡಗಿದವು. ಗುಯಿಶಾನ್ ದ್ವೀಪದ ಮರೆಯಿಂದ ಒಂದು, ಅಳಿವೆಯ ಬಳಿಯಿಂದ ಇನ್ನೊಂದು, ಎಲ್ಲೋ ದೂರದ ತೆರೆಗಳ ನಡುವಿನಿಂದ ಮತ್ತೊಂದು. ಇಷ್ಟು ದೊಡ್ಡ ಕಡಲು ತನ್ನ ಒಂದು ಸಾಲಿಗೆ ಓಗೊಡುತ್ತಿದೆಯಲ್ಲ ಎಂದು ಅವಳ ಮೈ ಜುಮ್ಮೆಂದಿತು. ದಿನವೂ ನೋಡುವವಳೇ, ಆದರೂ ಬೆರಗು ತೀರುತ್ತಿರಲಿಲ್ಲ.

ಅಪ್ಪನ ದೋಣಿಗೆ ಹೋದ ವಾರವಷ್ಟೇ ಜಾಗ ತಿಳಿಸುವ ಹೊಸ ಯಂತ್ರ ಕೂರಿಸಿದ್ದರಿಂದ ಅದನ್ನು ಬೇರೆ ಸಾಲಿನಲ್ಲಿ ಕೇಳಬೇಕಿತ್ತು. ಗಡಿಬಿಡಿಯಲ್ಲಿ ಬರೆದಳು. ಕನ್ಸೋಲ್ ಏನೋ ಒಂದು ಸಾಲು ತೋರಿಸಿ ಸುಮ್ಮನಾಯಿತು. ಎಷ್ಟು ಹೊತ್ತಾದರೂ ಉತ್ತರವಿಲ್ಲ.

"ನಿಮ್ಮಪ್ಪ ಮದುವೆ ದಿನಾನೂ ತಡವಾಗೇ ಬಂದಿದ್ದು," ಎಂದರು ವೈರ್‌ಲೆಸ್ ನೋಡಿಕೊಳ್ಳುವ ಷ್ಯೂಮಿನ್. "ನಿಮ್ಮಮ್ಮ ಬೈಕೊಂಡು ಬೈಕೊಂಡು ಎರಡೆರಡು ಸಲ ಪೌಡರ್ ಹಚ್ಕೊಂಡ್ಲು. ಬರ್ತಾನೆ ಬಿಡೇ."

"ವೈರ್‌ಲೆಸ್‌ನಲ್ಲಿ ಸಿಕ್ಕಿದ್ರಾ ಅಕ್ಕ?"

"ಇಲ್ಲ. ಬರೀ ಗೊರಗೊರ." ಷ್ಯೂಮಿನ್ ಮುಖ ತಿರುಗಿಸಿಕೊಂಡರು. "ರಕ್ಷಣಾ ಹಡಗು ಹೊರಡೋಕೆ ತಯಾರಿದೆ. ಆದ್ರೆ ಎಲ್ಲಿಗೆ ಹೋಗು ಅಂತ ಹೇಳ್ಲಿ?"

ಯೂಲಾನ್ ಪರದೆಯ ಕಡೆ ತಿರುಗಿದಳು. ಇನ್ನೊಮ್ಮೆ ಕೇಳೋಣವೆಂದು ಹಿಂದಿನ ಸಾಲನ್ನು ಮೇಲೆ ತಂದಳು, ಓದಿದಳು, ಮತ್ತೆ ಓದಿದಳು. ಮೊದಲ ಪದವೇ ಇಲ್ಲ. 'ಕಾಯು' ಎನ್ನದಿದ್ದರೆ ಕನ್ಸೋಲ್ ಪ್ರಶ್ನೆಯನ್ನು ಸಿದ್ಧಮಾಡಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಕಳಿಸುವುದಿಲ್ಲ.

"ಅಕ್ಕ, ನಾನು ಅಪ್ಪನ್ನ ಕೇಳೇ ಇಲ್ಲ."

"ಮತ್ತೆ ಇಷ್ಟೊತ್ತು ಏನ್ಮಾಡ್ತಿದ್ದೆ?"

"ಕಾಯ್ತಾ ಇದ್ದೆ."

ಆ ಒಂದು ಪದ ಸೇರಿಸಿ ಗುಂಡಿ ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: ದ್ವೀಪದ ದಕ್ಷಿಣಕ್ಕೆ, ಎಂಜಿನ್ ನಿಂತಿದೆ, ದೋಣಿ ತೇಲುತ್ತಿದೆ. ಯಾರಾದರೂ ಕೇಳಿದರೆ ಸಾಕು ಎಂದು ಅಪ್ಪ ಇಷ್ಟು ಹೊತ್ತೂ ಅಲ್ಲಿ ತಯಾರಾಗಿಯೇ ಇದ್ದ. ಯೂಲಾನ್‌ಗೆ ಅಳು ತಡೆಯಲಾಗಲಿಲ್ಲ. ಷ್ಯೂಮಿನ್ ಆಗಲೇ ರಕ್ಷಣಾ ಹಡಗಿಗೆ ಜಾಗ ಹೇಳುತ್ತಿದ್ದರು.

ಗಾಳಿ ಕಿಟಕಿ ಬಡಿಯತೊಡಗಿದಾಗ ಅಪ್ಪನ ದೋಣಿ ಬಂದರಿನೊಳಗಿದೆ ಎಂದು ಪರದೆ ಹೇಳಿತು. ಯೂಲಾನ್ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. ತಣ್ಣಗಾದ ಮೀನಿನ ಮುಳ್ಳನ್ನು ಮೇಲಿನಿಂದಲೇ ಬಿಡಿಸಿ, ಮಗುಚದೆ, ಉಳಿದ ಅರ್ಧ ತಿಂದಳು.