ಹತ್ತುವವರಿಲ್ಲದ ರಿಕ್ಷಾ

ಮಾಣಿ ಪೇಟೆಯ ರಿಕ್ಷಾ ಪಾರ್ಕಿನಲ್ಲಿ ಒಂದು ಕಟ್ಟುನಿಟ್ಟು. ಸಾಲಿನಲ್ಲಿ ಮುಂದೆ ನಿಂತವರಿಗೇ ಮೊದಲ ಬಾಡಿಗೆ. ಅವರು ಹೊರಡುವ ತನಕ ಹಿಂದಿನವರು ಯಾರನ್ನೂ ಹತ್ತಿಸಿಕೊಳ್ಳುವಂತಿಲ್ಲ. ಹಾಗಾಗಿ ಮೋಕ್ಷಿತಾಳ ರಿಕ್ಷಾ ಮುಂದಕ್ಕೆ ಬಂತೆಂದರೆ ಇಡೀ ಸಾಲು ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗೆ ನಿಂತುಬಿಡುತ್ತಿತ್ತು.

ಈಗಲೂ ಅದೇ ಆಯಿತು. ಪುತ್ತೂರಿನ ಬಸ್ಸಿನಿಂದ ಇಳಿದವರು ಅವಳ ಗುಲಾಬಿ ರಿಕ್ಷಾವನ್ನು ದಾಟಿ ಎರಡನೆಯದಕ್ಕೆ ಹೋದರು. ಅದು ಪಾರ್ಕಿನ ಹಿರಿಯ ವೆಂಕಪ್ಪಣ್ಣನದು. ಅವನು ನಿಯಮದಂತೆ, "ಮುಂದಿನದ್ದಕ್ಕೆ ಹೋಗಿ" ಎಂದು ಕೈ ತೋರಿಸಿದ. ಅವರು ಗುಲಾಬಿ ರಿಕ್ಷಾವನ್ನೊಮ್ಮೆ ನೋಡಿ, "ಬೇಡ, ನಡ್ಕೊಂಡೇ ಹೋಗ್ತೇವೆ" ಎಂದು ಹೋಗಿಯೇಬಿಟ್ಟರು.

"ಮೋಕ್ಷಿತಕ್ಕ, ನಿಮ್ಮ ಗಾಡಿಗೆ ಒಮ್ಮೆ ದೃಷ್ಟಿ ತೆಗೆಸುವ" ಎಂದ ಮೂರನೆಯ ರಿಕ್ಷಾದ ಜಿತೇಶ್. "ನಾನು ಇಲ್ಲಿ ಕೂತು ಕೂತು ಬೇರು ಬಿಟ್ಟಿದ್ದೇನೆ."

"ನೀನು ಬಾಯಿ ಮುಚ್ಚು ಮಾರಾಯ" ಎಂದ ವೆಂಕಪ್ಪಣ್ಣ ಅವಳ ಹತ್ತಿರ ಬಂದು ದನಿ ತಗ್ಗಿಸಿದ. "ಹುಡುಗರಿಗೂ ಹೊಟ್ಟೆ ಉಂಟಲ್ಲ ಮಗಾ. ಇವತ್ತು ಸಂಜೆ ತನಕ ನೋಡುವ. ಆಗದಿದ್ರೆ ನೀನು ಸಾಲು ಬಿಟ್ಟು ಆಚೆ ಬದಿಯಲ್ಲಿ ನಿಲ್ಲಿಸ್ಬೇಕಾದೀತು."

ಆಚೆ ಬದಿಗೆ ಬಸ್ಸಿನವರು ಯಾರೂ ಬರುವುದಿಲ್ಲ. ಅಲ್ಲಿಗೆ ಹೋದರೆ ಕತೆ ಮುಗಿದಂತೆ.

ಮೂಡುಬಿದಿರೆಯ ಯುವಜನ ಸಂಸ್ಥೆಯವರು ಅವಳಿಗೆ ಗಾಡಿ ಬಿಡಲು ಕಲಿಸಿದ್ದರು, ಲೈಸೆನ್ಸ್ ಮಾಡಿಸಿದ್ದರು, ದಾನಿಗಳಿಂದ ಈ ರಿಕ್ಷಾವನ್ನೂ ಕೊಡಿಸಿದ್ದರು. ಎಂಥ ಕಡಿದಾದ ಚಡಾವನ್ನೂ ಅವಳು ಸಲೀಸಾಗಿ ಹತ್ತಿಸುತ್ತಿದ್ದಳು. ಆದರೆ ಸುಮ್ಮನೆ ಕೂರುವುದು ಆಗದು. ಇಳಿದಳು, ಗಾಜು ಒರೆಸಿದಳು, ಹತ್ತಿ ಕೂತಳು, ಮತ್ತೆ ಇಳಿದಳು.

ಅಷ್ಟರಲ್ಲಿ ಸಂಸ್ಥೆಯ ಶಶಿಪ್ರಭಾ ಮೇಡಂ ಸ್ಕೂಟರಿನಲ್ಲಿ ಬಂದರು. "ಮೋಕ್ಷಿತಾ, ಗಾಡಿ ಕೊಟ್ಟವರು ಫೋಟೋ ಕೇಳ್ತಿದ್ದಾರೆ. ಒಬ್ರು ಹತ್ತುವಾಗ ತೆಗೆಯುವ, ಆಯ್ತಾ?"

"ಹತ್ತುವವರೇ ಇಲ್ಲ ಮೇಡಂ."

ಮಂಗಳೂರಿನ ಬಸ್ಸು ಬಂತು. ಗೋಣಿಚೀಲದ ಜೊತೆ ಇಳಿದ ಪೂವಮ್ಮ ಎಂಬ ಅಜ್ಜಿಯೂ ಗುಲಾಬಿ ರಿಕ್ಷಾವನ್ನು ದಾಟಿ ಹೋದಾಗ ಮೋಕ್ಷಿತಾ ತಡೆಯಲಾರದೆ ಹಿಂದೆಯೇ ಹೋಗಿ ಕೇಳಿದಳು, "ಅಜ್ಜೀ, ನನ್ನ ಗಾಡಿಗೆ ಏನಾಗಿದೆ?"

"ಗಾಡಿ ಚಂದ ಉಂಟು ಮಗಾ. ಆದ್ರೆ ಅದು ಸಂಸ್ಥೆಯವರದ್ದಲ್ವಾ?" ಅಜ್ಜಿ ರಿಕ್ಷಾದ ಬೆನ್ನು ತೋರಿಸಿದರು. ಅಲ್ಲಿ ದಾನಿಗಳ ಹೆಸರು, ಅದರ ಮೇಲೆ ದೊಡ್ಡದಾಗಿ 'ಬಡ ಯುವತಿಯರ ಬಾಳಿಗೆ ಬೆಳಕು'. "ಹೋದ ಮಳೆಗಾಲ ಒಬ್ರು ನನಗೆ ಒಂದು ಕೊಡೆ ಕೊಟ್ಟು ಪೇಪರಿನಲ್ಲಿ ಹಾಕಿಸಿದ್ರು. ಮಗಳ ಗಂಡನ ಮನೆಯವರು ಅದನ್ನು ಓದಿ, ಅತ್ತೆ ಕೊಡೆಗೂ ಗತಿಯಿಲ್ಲದವರು ಅಂತ ನಗಾಡಿದ್ರು. ಇದಕ್ಕೆ ಹತ್ತಿದ್ರೂ ಧರ್ಮಕ್ಕೆ ಹೋಗುವವಳು ಅಂತ ಹೇಳ್ತಾರೆ. ನಾನು ಬಾಡಿಗೆ ಕೊಟ್ಟೇ ಹೋಗುವವಳು. ನನ್ನ ಫೋಟೋ ಯಾಕೆ?"

ಶಶಿಪ್ರಭಾ ಮೇಡಂ ಎತ್ತಿದ್ದ ಮೊಬೈಲನ್ನು ಮೆಲ್ಲಗೆ ಇಳಿಸಿದರು.

ಮೋಕ್ಷಿತಾ ರಿಕ್ಷಾದ ಹಿಂದೆ ಬಂದು ಸ್ಟಿಕ್ಕರಿನ ಮೂಲೆಗೆ ಉಗುರು ಹಾಕಿದಳು.

"ಏ, ತೆಗೀಬೇಡ" ಎಂದರು ಮೇಡಂ. "ಎರಡು ವರ್ಷ ಅದು ಇರ್ಲೇಬೇಕು ಅಂತ ಮಾತಾಗಿದೆ. ಅವರು ಬೇಸರ ಮಾಡಿದ್ರೆ ಮುಂದಿನ ಬ್ಯಾಚಿನ ಹುಡುಗಿಯರಿಗೆ ಗಾಡಿ ಎಲ್ಲಿಂದ ತರ್ಲಿ ನಾನು? ನಿನ್ನದನ್ನೂ ವಾಪಸ್ ಕೇಳಿದ್ರೆ?"

"ಜನ ಹತ್ತದ ಗಾಡಿ ಅವರಿಗೆ ತಾನೆ ಯಾಕೆ ಮೇಡಂ?" ಅವಳ ಕೈ ನಿಲ್ಲಲಿಲ್ಲ. ಸ್ಟಿಕ್ಕರು ಚರ್ರೆಂದು ಅರ್ಧಕ್ಕೆ ಹರಿದು ಬಂತು. ಜಿತೇಶ್ ಇಳಿದು ಬಂದು ಇನ್ನೊಂದು ತುದಿ ಹಿಡಿದ, ಈ ಸಲ ತಮಾಷೆ ಮಾಡಲಿಲ್ಲ. ಮೇಡಂ ಸಂಸ್ಥೆಯ ಅಧ್ಯಕ್ಷರಿಗೆ ಫೋನ್ ಹಚ್ಚಿ ರಸ್ತೆಯ ಅಂಚಿಗೆ ಹೋದರು.

"ಈಗ ಬರ್ತೀರಾ ಅಜ್ಜೀ?"

ಪೂವಮ್ಮ ಗೋಣಿಚೀಲವನ್ನು ಒಳಗಿಟ್ಟು, ಹತ್ತಿ, ಸೀಟಿನ ನಡುವಿಗೆ ಸರಿದು ಕೂತರು. ವೆಂಕಪ್ಪಣ್ಣ ಇಂಜಿನ್ ಹಾಕದೆ ತನ್ನ ರಿಕ್ಷಾವನ್ನು ಮುಂದಿನ ಜಾಗಕ್ಕೆ ತಳ್ಳಲು ತಯಾರಾದ.

ಮೇಡಂ ಫೋನಿನಲ್ಲಿ "ಇಲ್ಲ ಸಾರ್, ಕೇಳಿ ಸಾರ್" ಎನ್ನುತ್ತಿದ್ದುದು ಕಿವಿಗೆ ಬೀಳುತ್ತಿತ್ತು. ಏನು ತೀರ್ಮಾನವಾಗುತ್ತದೋ. ಮೋಕ್ಷಿತಾ ಗಾಡಿ ಸ್ಟಾರ್ಟ್ ಮಾಡಿದಳು.

"ಶಾಲೆಯ ಚಡಾವು ಹತ್ತಿಸಿ ಮನೆಯ ಎದುರಿಗೇ ಬಿಡ್ಬೇಕು" ಎಂದರು ಅಜ್ಜಿ ಹಿಂದಿನಿಂದ. "ಹಾಗಂತ ಬಾಡಿಗೆ ಜಾಸ್ತಿ ಹೇಳಿದ್ರೆ ನಾನು ಈಗಲೇ ಇಳೀತೇನೆ."