ಹಿತ್ತಿಲ ಬಾಗಿಲಿನ ಸರಸ ಮೇಡಂ

ಸರಸ ಮೇಡಂ ಯಾರ ಮನೆಗೂ ಎದುರಿನ ಬಾಗಿಲಿನಿಂದ ಹೋದವರಲ್ಲ. ಜಗಲಿಯಲ್ಲಿ ಕುಳಿತ ಯಜಮಾನರಿಗೆ ನಡೆಯುತ್ತಲೇ ನಮಸ್ಕಾರ ಹಾಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮನೆಗೆ ಅರ್ಧ ಪ್ರದಕ್ಷಿಣೆ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಪ್ರತ್ಯಕ್ಷರಾಗುವ ಅವರ ದಾಪುಗಾಲಿಗೆ ಜೊತೆಗೂಡಲು ಹೋಗಿ ನಾನು ಅದೆಷ್ಟು ಸಲ ಏದುಸಿರು ಬಿಟ್ಟಿದ್ದೇನೋ! ತೊಂಬತ್ತರ ದಶಕದ ಕೊನೆಯಲ್ಲಿ ಮೂಡುಬಿದಿರೆಯ ಕಾಲೇಜೊಂದರಲ್ಲಿ ನಾವಿಬ್ಬರೂ ಅಧ್ಯಾಪಕರು. ಅವರದ್ದು ವಾಣಿಜ್ಯಶಾಸ್ತ್ರ, ನನ್ನದು ಕನ್ನಡ. ನಮ್ಮ ತಾಲೂಕುಗಳ ಉದ್ಯಮಶೀಲತೆ ಅವರ ಪಿಎಚ್.ಡಿ. ವಿಷಯ.

ಹಿಂದಿನ ಸಂಶೋಧಕರು ಹೆಂಚಿನ ಕಾರ್ಖಾನೆ, ಹೋಟೆಲುಗಳ ಮಾಲಕರನ್ನಷ್ಟೇ ಉದ್ಯಮಿಗಳೆಂದು ಬರೆದು ಕೈತೊಳೆದುಕೊಂಡಿದ್ದರು. ಇವರೋ, ನೆಂಟರಿಷ್ಟರನ್ನು ಕೂಡಿಸಿ ಬುಟ್ಟಿ ಹೆಣೆಸುವ ಮುಂಡಾಜೆಯ ಹುಕ್ರಪ್ಪನನ್ನೂ ಅಡುಗೆಮನೆಯಿಂದಲೇ ವ್ಯಾಪಾರ ನಡೆಸುವ ವಿಟ್ಲದ ಸಫಿಯಮ್ಮನನ್ನೂ ಅದೇ ಸಾಲಿನಲ್ಲಿ ಗೌರವದಿಂದ ಕೂರಿಸಿದರು. ಮಾರ್ಗದರ್ಶಕರು ಸಿಡಿಮಿಡಿಗೊಂಡರು.

"ಬೋರ್ಡಿಲ್ಲ, ಲೈಸೆನ್ಸಿಲ್ಲ, ಇದೆಂಥ ಉದ್ಯಮ? ಈ ಅಧ್ಯಾಯ ತೆಗೆಯಿರಿ. ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ."

ವರ್ಷಗಟ್ಟಲೆ ಅಲೆದ ದುಡಿಮೆ ಒಂದು ಸಹಿಗೆ ಸಿಕ್ಕಿಬಿತ್ತು. ಮೇಡಂ ಜಗ್ಗಲಿಲ್ಲ. "ಒಮ್ಮೆ ಬಂದು ನೋಡಿ ಸರ್. ಮತ್ತೆ ಹೇಳಿ."

ಬಂದರು. ವಿಟ್ಲದ ಸಫಿಯಮ್ಮನ ಮನೆಯ ಜಗಲಿಯಲ್ಲಿ ಅವರೂ ನಾನೂ ಕುಳಿತೆವು. ಮೇಡಂ ಎಂದಿನಂತೆ ಹಿತ್ತಿಲಿಗೆ ಮಾಯ. ಸಫಿಯಮ್ಮನ ಗಂಡ, ಗಲ್ಫಿನಿಂದ ಮರಳಿದ್ದ ಮೊಯಿದಿನಬ್ಬ, ಶರಬತ್ತು ಕೊಟ್ಟು ಸಂಕೋಚದಿಂದ ನಕ್ಕರು.

"ಇಲ್ಲಿ ವ್ಯಾಪಾರ ಎಂತದೂ ಇಲ್ಲ ಸರ್. ಅವಳು ಸುಮ್ಮನೆ ಮನೆಯಲ್ಲಿರುವುದು."

ಮಾರ್ಗದರ್ಶಕರು ನನ್ನತ್ತ ಗೆದ್ದ ನೋಟ ಬೀರಿದರು.

ಅಷ್ಟರಲ್ಲಿ ಅಂಗಳಕ್ಕೆ ಜೀಪೊಂದು ನುಗ್ಗಿತು. ಚಾಲಕ ಯಾಕೂಬ್ ಇಳಿಯುವ ಮೊದಲೇ ಕೂಗಿದ: "ಕಾಕ, ನರಿಕೊಂಬಿನ ಮದುವೆಯ ಪತ್ತಿರ್ ಆಯ್ತಾ? ನಾಳೆ ಮತ್ತೆರಡು ಮನೆಯದ್ದು ಉಂಟು!"

ಮನೆಯ ಹಿಂದಿನಿಂದ ನೆರೆಯ ಹೆಂಗಸರು ಬಿಸಿ ಪತ್ತಿರ್, ಅಂದರೆ ಅಕ್ಕಿರೊಟ್ಟಿ ತುಂಬಿದ ಬುಟ್ಟಿಗಳನ್ನು ಹೊತ್ತು ಒಬ್ಬರ ಹಿಂದೊಬ್ಬರು ಬಂದರು, ಬರುತ್ತಲೇ ಇದ್ದರು! ಒಳಗಿನಿಂದ ಸಫಿಯಮ್ಮನ ಗಟ್ಟಿ ದನಿ: "ದೊಡ್ಡದನ್ನು ಅಡಿಯಲ್ಲಿಡಿ ಮಾರಾಯ್ರೆ!" ವ್ಯಾಪಾರವೇ ಇಲ್ಲವೆಂದಿದ್ದ ಮೊಯಿದಿನಬ್ಬ ಲುಂಗಿ ಎತ್ತಿ ಕಟ್ಟಿ ಓಡಿಹೋಗಿ, ಆ ದೊಡ್ಡ ಬುಟ್ಟಿಗೇ ಹೆಗಲು ಕೊಟ್ಟರು. ಚಪ್ಪಾಳೆ ತಟ್ಟದಿರಲು ನಾನು ಪಟ್ಟ ಪಾಡು ನನಗೇ ಗೊತ್ತು.

ಮಾರ್ಗದರ್ಶಕರು ಶರಬತ್ತಿನ ಲೋಟ ಕೆಳಗಿಟ್ಟು ಎದ್ದು, ಹಿತ್ತಿಲಿಗೆ ಕೇಳುವಂತೆ ಕೂಗಿದರು. "ಸರಸಾ, ಹಿಂದೆ ಹೋಗುವ ದಾರಿ ಯಾವುದು?"

ಅಧ್ಯಾಯ ಉಳಿಯಿತು, ಸಹಿಯೂ ಬಿತ್ತು. ಲೋಕವನ್ನು ಅರಿಯಹೊರಟು ಜಗಲಿಯ ಉತ್ತರದಲ್ಲೇ ತೃಪ್ತರಾಗುವ ಪಂಡಿತರು ಹೇರಳ. ಮನೆ ಸುತ್ತಿ ನೋಡುವವರು ವಿರಳ. ಆದರೆ ಅಂಥವರೊಬ್ಬರು ಊರಲ್ಲಿ ನಡೆದಾಡಿದರೂ ಸಾಕು, 'ಸುಮ್ಮನೆ ಮನೆಯಲ್ಲಿರುವುದು' ಎನ್ನುವ ಮೊದಲು ನಾವೆಲ್ಲ ಒಮ್ಮೆ ನಾಲಿಗೆ ಕಚ್ಚಿಕೊಳ್ಳುತ್ತೇವೆ.